ಕೋಡಂಬಾಕ್ಕದ ತೊಟ್ಟಿಲು: ಚಲನಚಿತ್ರದ ದುಡಿಮೆಯೂ ಶಿಶುಪಾಲನೆಯೂ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಟರ, ನಿರ್ದೇಶಕರ, ನಿರ್ಮಾಪಕರ ಸಾಧನೆಗಳನ್ನು ಕಾಲಾನುಕ್ರಮದಲ್ಲಿ ನಿರೂಪಿಸಿದ್ದಾರೆ. ಆ ಚಿತ್ರಗಳು ತಯಾರಾಗುತ್ತಿದ್ದ ದಿನಗಳಲ್ಲಿ, ಅವುಗಳಲ್ಲಿ ದುಡಿದವರ ಮನೆಯ ತೊಟ್ಟಿಲನ್ನು ತೂಗಿದವರು ಯಾರು, ಆಗತಾನೆ ನಡೆಯಲು ಕಲಿತು ಒಂದೆಡೆ ನಿಲ್ಲದ ಕೂಸಿನ ಹಿಂದೆ ಓಡಿದವರು ಯಾರು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಇದು ಮನೆವಾರ್ತೆಯ ಸಂಗತಿ, ಚರಿತ್ರೆಗೆ ಸಲ್ಲತಕ್ಕದ್ದಲ್ಲ ಎಂದು ಕೆಲವರಿಗೆ ತೋರಬಹುದು. ಆದರೆ ದುಡಿಮೆಯ ವೇಳೆಯೂ ಕೂಲಿಯೂ ಚರಿತ್ರೆಗೆ ಸೇರಿದುವಾದರೆ, ಆ ವೇಳೆಯಲ್ಲಿ ಮಗು ಯಾರ ಕೈಯಲ್ಲಿತ್ತೆಂಬುದೂ ಅದಕ್ಕೆ ಸೇರಿದ್ದೇ. ಈ ದೃಷ್ಟಿಯಿಂದ ಕೋಡಂಬಾಕ್ಕವನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮದರಾಸಿನ ಬೀಚ್ ನಿಲ್ದಾಣದಿಂದ ತಾಂಬರಕ್ಕೆ 1931ರಲ್ಲಿ ವಿದ್ಯುತ್ ರೈಲು ಓಡಲಾರಂಭಿಸಿತು. ಆ ದಾರಿಯಲ್ಲಿರುವ ಕೋಡಂಬಾಕ್ಕವು ಎರಡು ದಶಕಗಳೊಳಗೆ ದಕ್ಷಿಣ ಭಾರತದ ಚಿತ್ರೋದ್ಯಮಕ್ಕೇ ಹೆಸರಾಯಿತು. ಎ.ವಿ. ಮೇಯಪ್ಪನ್ ಅವರು ತಮ್ಮ ಎ.ವಿ.ಎಂ. ಸ್ಟುಡಿಯೋವನ್ನು ಕಾರೈಕುಡಿಯಿಂದ ಇಲ್ಲಿಗೆ ತಂದದ್ದು 1948ರಲ್ಲಿ. ಆಸುಪಾಸಿನಲ್ಲಿ ವಾಹಿನಿ, ಭರಣಿ ಮೊದಲಾದ ಸ್ಟುಡಿಯೋಗಳಿದ್ದುವು. ಕನ್ನಡಿಗರಾದ ಬಿ.ಎಸ್. ರಂಗಾ ಅವರು ಮದರಾಸಿನಲ್ಲಿಯೇ ವಿಕ್ರಂ ಸ್ಟುಡಿಯೋವನ್ನು ಸ್ಥಾಪಿಸಿದರು. ರಾಜಕುಮಾರರನ್ನು ನಾಯಕರನ್ನಾಗಿ ಮಾಡಿದ ‘ಬೇಡರ ಕಣ್ಣಪ್ಪ’ (1954) ತಯಾರಾದದ್ದು ಮದರಾಸಿನಲ್ಲಿ; ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ಯನ್ನು (1964) ನಿರ್ಮಿಸಿದವರು ರಂಗಾ ಅವರೇ. ಮೈಸೂರಿನಲ್ಲಿ ಪ್ರೀಮಿಯರ್, ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋಗಳು ತಲೆಯೆತ್ತಿದ ಮೇಲೂ ಕನ್ನಡ ಚಿತ್ರರಂಗವು ಮದರಾಸಿನ ನಂಟನ್ನು ಒಮ್ಮೆಗೇ ಬಿಡಲಾಗಲಿಲ್ಲ. ಆದಕಾರಣ ಅನೇಕ ಕನ್ನಡ ಕುಟುಂಬಗಳು ಊರನ್ನು ಬಿಟ್ಟು ಇಲ್ಲಿ ನೆಲಸಬೇಕಾಯಿತು. ಊರು ಬಿಡುವುದೆಂದರೆ ಹೊಲಮನೆಯನ್ನು ಬಿಡುವುದು ಮಾತ್ರವಲ್ಲ. ಮಗುವನ್ನು ಕಂಕುಳಿಗೆ ಎತ್ತಿಕೊಳ್ಳುವ ಅಜ್ಜಿ, ಅತ್ತೆ, ಚಿಕ್ಕಮ್ಮ, ನೆರೆಮನೆಯವರು ಇವರೆಲ್ಲರನ್ನೂ ಬಿಡುವುದು.

ಸ್ಟುಡಿಯೋಗಿಂತ ಹಿಂದಿನ ವ್ಯವಸ್ಥೆಯನ್ನು ಇಲ್ಲಿ ನೆನೆಯಬೇಕು. ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಲಿಗಳು ಊರಿಂದೂರಿಗೆ ಸಂಚರಿಸುವ ಸಂಸಾರಗಳೇ ಆಗಿದ್ದುವು. ಕಲಾವಿದರ ಮಕ್ಕಳು ಬಣ್ಣದ ಪೆಟ್ಟಿಗೆಗಳ ನಡುವೆ ಮಲಗಿ, ಪರದೆಯ ಹಿಂದೆ ಆಡಿ, ಮಾತು ಬರುವಷ್ಟರಲ್ಲಿ ರಂಗಕ್ಕೆ ಬರುತ್ತಿದ್ದರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಪರಂಪರೆಯ ನಟರು. ಮುತ್ತುರಾಜನೆಂಬ ಹೆಸರಿನ ಅವರ ಮಗನೂ ಬಾಲ್ಯದಲ್ಲಿಯೇ ಕಂಪನಿಯನ್ನು ಸೇರಿದವನು. ಆ ಬದುಕು ಸುಖದ್ದಾಗಿತ್ತೆಂದು ಹೇಳಲಾಗದು. ಬಡತನ, ತಿರುಗಾಟ, ಓದಿನ ನಷ್ಟ ಎಲ್ಲವೂ ಅದರಲ್ಲಿದ್ದುವು. ಆದರೆ ತಾಯಿ ದುಡಿಯುವ ಸ್ಥಳಕ್ಕೂ ಮಗು ಬೆಳೆಯುವ ಸ್ಥಳಕ್ಕೂ ನಡುವೆ ಗೋಡೆಯಿರಲಿಲ್ಲ.

ಈ ಗೋಡೆಯನ್ನು ಕಟ್ಟಿದ್ದು ಸ್ಟುಡಿಯೋ. ಅಲ್ಲಿ ದ್ವಾರವೂ ಕಾವಲುಗಾರನೂ ಇರುತ್ತಿದ್ದರು. ದಿನವು ಕಾಲ್‌ಷೀಟುಗಳಾಗಿ ವಿಂಗಡವಾಗಿತ್ತು. ಬೆಳಗಿನ ಏಳಕ್ಕೆ ಕೆಲಸವೆಂದರೆ ಬಣ್ಣ ಹಚ್ಚಿಕೊಳ್ಳುವುದಕ್ಕೆ ಅದಕ್ಕೂ ಮುಂಚೆ ಬರಬೇಕು. ಆಗ ಮನೆಯಲ್ಲಿ ಮಗು ಇನ್ನೂ ಎದ್ದಿರುವುದಿಲ್ಲ. ಮೊದಮೊದಲು ಸಂಭಾಷಣೆಯನ್ನು ಚಿತ್ರೀಕರಣದ ವೇಳೆಯಲ್ಲಿಯೇ ಮುದ್ರಿಸಿಕೊಳ್ಳುತ್ತಿದ್ದುದರಿಂದ, ನಿಶ್ಶಬ್ದವೆಂದು ಕೂಗಿದೊಡನೆ ಇಡೀ ಅಂಕಣ ಉಸಿರು ಹಿಡಿದಂತಿರಬೇಕಾಗಿತ್ತು. ಒಂದು ಕೂಸಿನ ಕೇಕೆಯಿಂದಲೇ ಫಿಲ್ಮು ವ್ಯರ್ಥವಾಗಬಹುದು. ಸುಡುವ ಆರ್ಕ್ ದೀಪಗಳು, ನೆಲದ ಮೇಲೆ ಹಾವಿನಂತೆ ಹರಿದ ವಿದ್ಯುತ್ ತಂತಿಗಳು, ಎಳೆಯಲು ಕೈಗೆಟುಕುವ ಹಗ್ಗಗಳು, ಇವೆಲ್ಲವೂ ಎರಡು ವರ್ಷದ ಮಗುವಿಗೆ ಎಷ್ಟು ಆಕರ್ಷಕವೋ ಅಷ್ಟೇ ಅಪಾಯಕರ. ಚುರುಕಾದ ಮಗುವನ್ನು ಇರಿಸಲು ಇದಕ್ಕಿಂತ ಅನುಚಿತವಾದ ಸ್ಥಳವನ್ನು ಕಲ್ಪಿಸುವುದು ಕಷ್ಟ.

ಹೀಗಿರುವಾಗ ಕೋಡಂಬಾಕ್ಕದವರು ಕಂಡುಕೊಂಡ ದಾರಿಗಳಾವುವು? ಒಂದು ದಾರಿ, ದುಡಿಮೆಯ ಒಡೆತನವನ್ನೇ ಪಡೆಯುವುದು. ತೆಲುಗು, ತಮಿಳು ಚಿತ್ರಗಳ ಪ್ರಸಿದ್ಧ ನಟಿ ಭಾನುಮತಿಯವರು 1943ರಲ್ಲಿ ರಾಮಕೃಷ್ಣರಾಯರನ್ನು ವಿವಾಹವಾದಾಗ ಚಿತ್ರರಂಗವನ್ನು ಬಿಡಲು ಬಯಸಿದ್ದರು. ‘ಸ್ವರ್ಗಸೀಮ’ (1945) ಅವರನ್ನು ಮರಳಿ ಕರೆತಂದಿತು. ಅನಂತರ ದಂಪತಿಗಳು ಸ್ವಂತ ನಿರ್ಮಾಣ ಸಂಸ್ಥೆಯನ್ನೂ ಸ್ಟುಡಿಯೋವನ್ನೂ ಕಟ್ಟಿ, ಎರಡಕ್ಕೂ ತಮ್ಮ ಏಕಮಾತ್ರ ಪುತ್ರ ಭರಣಿಯ ಹೆಸರನ್ನಿಟ್ಟರು. ಮಗುವಿನ ಹೆಸರು ದುಡಿಮೆಯ ಮನೆಯ ಬಾಗಿಲ ಮೇಲೆ ಬಂದದ್ದು ಬರಿಯ ವಾತ್ಸಲ್ಯದ ಗುರುತಲ್ಲ. ಸ್ಟುಡಿಯೋ ತನ್ನದಾದವಳಿಗೆ ವೇಳೆಯ ಮೇಲೆಯೂ ಕೊಂಚ ಅಧಿಕಾರವಿರುತ್ತದೆ. ಆದರೆ ಸ್ಟುಡಿಯೋ ಕಟ್ಟಬಲ್ಲ ತಾಯಂದಿರು ಎಷ್ಟು ಮಂದಿ?

ಎರಡನೆಯ ದಾರಿ, ಬಂಧುವರ್ಗ. ನಟಿಯರ ಜೊತೆಯಲ್ಲಿ ಅವರ ತಾಯಂದಿರು ಚಿತ್ರೀಕರಣಕ್ಕೆ ಬರುವುದು ಅಂದಿನ ರೂಢಿ, ಬಿ. ಸರೋಜಾದೇವಿಯವರ ತಾಯಿ ರುದ್ರಮ್ಮನವರು ಇದಕ್ಕೆ ನಿದರ್ಶನ. ಮಗಳಿಗೆ ಕಾವಲಾಗಿ ಬಂದ ಈ ತಾಯಿಯೇ ಮುಂದೆ ಮೊಮ್ಮಗುವಿಗೆ ಆಸರೆಯಾಗುವುದು ಸಹಜ ಕ್ರಮ. ರಾಜಕುಮಾರರ ಮನೆಯಾದರೋ ಅವಿಭಕ್ತ ಕುಟುಂಬ. 1953ರಲ್ಲಿ ಅವರ ಕೈಹಿಡಿದ ಸಾಲಿಗ್ರಾಮದ ಪಾರ್ವತಮ್ಮನವರು ಮದರಾಸಿನ ಆ ತುಂಬಿದ ಮನೆಯಲ್ಲಿ ಐವರು ಮಕ್ಕಳನ್ನು ಬೆಳೆಸಿದರು. ಕೊನೆಯ ಮಗ ಲೋಹಿತ್, ಅಂದರೆ ಮುಂದೆ ಪುನೀತ್ ಎಂದು ಹೆಸರಾದವನು, ಹುಟ್ಟಿದ್ದು 1975ರ ಮಾರ್ಚ್ 17ರಂದು. ಪಾರ್ವತಮ್ಮನವರ ನಿರ್ಮಾಣದ ಮೊದಲ ಚಿತ್ರ ‘ತ್ರಿಮೂರ್ತಿ’ ತೆರೆಗೆ ಬಂದದ್ದೂ ಅದೇ 1975ರಲ್ಲಿ. ಚಿತ್ರರಂಗದ ಚರಿತ್ರೆಯಲ್ಲಿ ಈ ಎರಡು ಸಂಗತಿಗಳು ಬೇರೆ ಬೇರೆ ಪುಟಗಳಲ್ಲಿ ಬರುತ್ತವೆ. ಒಂದೇ ಪುಟದಲ್ಲಿಟ್ಟು ಓದಿದಾಗ ಮಾತ್ರ ಮೂವತ್ತೈದರ ಒಬ್ಬ ಗೃಹಿಣಿಯು ಎದೆಗೂಸನ್ನು ಸಾಕುತ್ತ ಹಣಕಾಸು, ಕಥೆ, ಹಂಚಿಕೆಗಳ ಭಾರವನ್ನು ಹೊತ್ತದ್ದರ ಅರ್ಥ ಸ್ಪಷ್ಟವಾಗುತ್ತದೆ. ಅದಕ್ಕೆ ಅವರ ದಕ್ಷತೆ ಕಾರಣವೆಂಬುದು ನಿಜ. ತುಂಬಿದ ಮನೆಯ ಅನೇಕ ಕೈಗಳೂ ಕಾರಣವೆಂಬುದು ಅಷ್ಟೇ ನಿಜ.

ಮೂರನೆಯ ದಾರಿ, ಮಗುವನ್ನೇ ದುಡಿಮೆಯೊಳಕ್ಕೆ ಕರೆದುಕೊಳ್ಳುವುದು. ಲೋಹಿತ್ ಆರು ತಿಂಗಳ ಕೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ (1976) ಕಾಣಿಸಿಕೊಂಡ, ವರ್ಷ ತುಂಬಿದ ಮೇಲೆ ‘ಸನಾದಿ ಅಪ್ಪಣ್ಣ’ದಲ್ಲಿ (1977). ತಂದೆಯು ಅವನನ್ನೂ ಅಕ್ಕ ಪೂರ್ಣಿಮೆಯನ್ನೂ ಚಿತ್ರೀಕರಣಕ್ಕೆ ಕರೆದೊಯ್ಯುತ್ತಿದ್ದರು. ಅವನಿಗೆ ಆರು ವರ್ಷವಾದಾಗ ಕುಟುಂಬವು ಮದರಾಸನ್ನು ಬಿಟ್ಟು ಕರ್ನಾಟಕಕ್ಕೆ ಮರಳಿತು. ‘ಬೆಟ್ಟದ ಹೂವು’ (1985) ಅವನಿಗೆ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಆ ಚಿತ್ರದ ಬಾಲಕನು ಪುಸ್ತಕ ಕೊಳ್ಳಲು ಕೂಡಿಟ್ಟ ಹಣದಿಂದ ಮನೆಯವರಿಗಾಗಿ ಕಂಬಳಿಯನ್ನು ಕೊಳ್ಳುತ್ತಾನೆ. ನಾಟಕ ಕಂಪನಿಯ ಮಕ್ಕಳ ಕಥೆಯೂ ಇದರಿಂದ ಬಹಳ ದೂರದ್ದಲ್ಲ. ತಂದೆತಾಯಿಯರ ಕಣ್ಣಳತೆಯಲ್ಲಿ ಆಡುತ್ತ ನಟಿಸಿದ ಮಗುವಿಗೂ, ಮನೆಯ ಹೊಟ್ಟೆಗಾಗಿ ದೀಪದ ಮುಂದೆ ನಿಂತ ಮಗುವಿಗೂ ಇರುವ ಅಂತರವನ್ನು ಕಾನೂನು ಗುರುತಿಸಲು ಬಹುಕಾಲ ಹಿಡಿಯಿತು. 2017ರ ನಿಯಮಗಳು ಬಾಲಕಲಾವಿದರ ಕೆಲಸವನ್ನು ದಿನಕ್ಕೆ 5 ಗಂಟೆಗೆ ಮಿತಿಗೊಳಿಸಿ, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, ಗಳಿಕೆಯ ಶೇಕಡಾ 20ನ್ನಾದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕೆಂದೂ ವಿಧಿಸಿದುವು.

ಈ ಮೂರು ದಾರಿಗಳೂ ಇಲ್ಲದವರು ಏನು ಮಾಡಿದರು? ಸಾಲುನರ್ತಕಿಯರು, ಗುಂಪಿನ ದೃಶ್ಯಗಳಿಗೆ ದಿನಗೂಲಿಯ ಮೇಲೆ ಬರುತ್ತಿದ್ದ ಹೆಂಗಸರು, ಕೇಶಾಲಂಕಾರದವರು, ಕಸಗುಡಿಸುವವರು, ಇವರಿಗೆ ಸ್ವಂತ ಸ್ಟುಡಿಯೋ ಇರಲಿಲ್ಲ, ತುಂಬಿದ ಮನೆಯಿರಲಿಲ್ಲ, ಮಗುವನ್ನು ಅಂಕಣದೊಳಕ್ಕೆ ತರುವ ಸಲಿಗೆಯೂ ಇರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 48ನೆಯ ವಿಧಿಯು 50ಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿಬೆಳಕುಳ್ಳ ಕೊಠಡಿಯೂ ತರಬೇತಾದ ಪಾಲಕಿಯೂ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು 12 ವಾರಗಳ ರಜೆಯನ್ನೂ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನೂ ಕೊಟ್ಟಿತು. ಆದರೆ ಆ ಸೌಲಭ್ಯಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಒಬ್ಬನೇ ಮಾಲಿಕನಲ್ಲಿ 160 ದಿನ ದುಡಿದಿರಬೇಕಾಗಿತ್ತು. 1988ರಲ್ಲಿ ಅದು 80 ದಿನವಾಯಿತು. ಇಂದು ಒಬ್ಬ ನಿರ್ಮಾಪಕ, ನಾಳೆ ಇನ್ನೊಬ್ಬ, ಇಂದು ಒಂದು ಸ್ಟುಡಿಯೋ, ನಾಳೆ ಮತ್ತೊಂದು ಎಂಬಂತೆ ಬದುಕಿದವಳು ಆ ಲೆಕ್ಕವನ್ನು ತುಂಬಿಸುವುದೆಂತು? ವರ್ಷವೆಲ್ಲ ದುಡಿದೂ ಅವಳು ಯಾರ ನೌಕರಳೂ ಅಲ್ಲ. 1981ರ ಸಿನಿಮಾ ಕಾರ್ಮಿಕರ ಕಾಯಿದೆಯು ಬರವಣಿಗೆಯ ಕರಾರನ್ನು ಕಡ್ಡಾಯ ಮಾಡಿತು. 2017ರ ತಿದ್ದುಪಡಿಯು ರಜೆಯನ್ನು 26 ವಾರಗಳಿಗೆ ಏರಿಸಿ, 50 ಮಂದಿ ದುಡಿಯುವೆಡೆ ಶಿಶುಪಾಲನಾ ಗೃಹವಿರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಲೆಕ್ಕವನ್ನು ಉಳಿಸಿಕೊಂಡಿತು. ಆದರೂ ಎಣಿಕೆಯ ಮೂಲತತ್ತ್ವ ಬದಲಾಗಲಿಲ್ಲ: ತಲೆಗಳನ್ನು ಒಂದು ಸೂರಿನಡಿ, ಒಬ್ಬ ಮಾಲಿಕನಡಿ ಎಣಿಸಿ, ಆಮೇಲೆ ತೊಟ್ಟಿಲನ್ನು ಕೊಡುವುದು.

ಇದಕ್ಕೆ ಬೇರೆ ಮಾದರಿ ಇರಲಿಲ್ಲವೆಂದಲ್ಲ. 1969ರಲ್ಲಿ ದೆಹಲಿಯಲ್ಲಿ, ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸದ ಎಡೆಯಲ್ಲಿ ಧೂಳಿನಲ್ಲಿ ಮಲಗಿದ್ದ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಸಂಚಾರಿ ಶಿಶುಪಾಲನಾ ಕೇಂದ್ರವನ್ನು ಆರಂಭಿಸಿದರು. ಕೆಲಸ ಎಲ್ಲಿಗೆ ಹೋದರೆ ತೊಟ್ಟಿಲೂ ಅಲ್ಲಿಗೆ ಎಂಬುದು ಅದರ ತತ್ತ್ವ. ಚಿತ್ರೋದ್ಯಮದ ದುಡಿಮೆಯೂ ಸಂಚಾರಿ. ಆದುದರಿಂದ ಅದಕ್ಕೆ ಒಪ್ಪುವುದು ಈ ತತ್ತ್ವವೇ ಹೊರತು ಕಾರ್ಖಾನೆಯ ಲೆಕ್ಕವಲ್ಲ. ಒಂದು ಪ್ರದೇಶದ ಸ್ಟುಡಿಯೋಗಳೆಲ್ಲ ಕೂಡಿ ಒಂದು ಶಿಶುಗೃಹವನ್ನು ನಡೆಸುವುದು ಅಸಾಧ್ಯವಾದ ಕಾರ್ಯವಲ್ಲ.

ಕೋಡಂಬಾಕ್ಕದ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರಿಗೆ ಒಂದು ಮಾತನ್ನು ಸೂಚಿಸಬಹುದು. ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಹಾಯುವ ಹೆಸರುಗಳಲ್ಲಿ ದೀಪ ಹಿಡಿದವನ ಹೆಸರೂ ಒಮ್ಮೊಮ್ಮೆ ಇರುತ್ತದೆ; ಮಗುವನ್ನು ಹಿಡಿದವಳ ಹೆಸರು ಇರುವುದಿಲ್ಲ. ಅಜ್ಜಿಯರು, ಆಯಾಗಳು, ಪಕ್ಕದ ಬಾಡಿಗೆ ಮನೆಯ ತಮಿಳು ತಾಯಂದಿರು, ತಮ್ಮನನ್ನು ಎತ್ತಿಕೊಂಡು ಶಾಲೆ ತಪ್ಪಿಸಿದ ಎಂಟು ವರ್ಷದ ಅಕ್ಕಂದಿರು, ಇವರ ನೆನಪುಗಳು ಇನ್ನೂ ಬದುಕಿರುವವರ ಬಾಯಲ್ಲಿವೆ. ಅವುಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಸಂಘಸಂಸ್ಥೆಗಳು ಈಗಲೇ ಕೈಗೊಳ್ಳಬೇಕು. ತಡಮಾಡಿದರೆ ಕೇಳಲು ಯಾರೂ ಉಳಿದಿರುವುದಿಲ್ಲ.