ಓಝರ್‌ನ ಮಿಗ್, ಬೆಂಗಳೂರಿನ ನ್ಯಾಟ್ ಮತ್ತು ತೇಜಸ್

ನಾಸಿಕ್‌ನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗೆ ಬರುವ ನೆಂಟರು ಪಂಚವಟಿ, ತ್ರ್ಯಂಬಕೇಶ್ವರ ನೋಡಿಕೊಂಡು ಹೋಗುತ್ತಾರೆ. ಓಝರ್ ಬಗ್ಗೆ ಯಾರೂ ಕೇಳೋದಿಲ್ಲ. ಮುಂಬೈ-ಆಗ್ರಾ ಹೆದ್ದಾರಿಯ ಈ ಊರಿನಲ್ಲಿ 1964ರಲ್ಲಿ ಶುರುವಾದ ಎಚ್‌ಎಎಲ್ ಘಟಕ, ಮುಂದಿನ ಎರಡು ದಶಕಗಳಲ್ಲಿ ನೂರಾರು ಮಿಗ್-21 ವಿಮಾನ ಕಟ್ಟಿತು. ಎಂಜಿನ್ ಬರುತ್ತಿದ್ದದ್ದು ಒಡಿಶಾದ ಕೋರಾಪುಟ್‌ನಿಂದ.

ಆದರೆ ಹಗುರ, ಅಗ್ಗದ ಫೈಟರ್ ಕಟ್ಟುವ ಕೆಲಸ ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ನಡೆದಿತ್ತು. ಫೈಟರ್‌ಗಳು ದಪ್ಪಗಾಗುತ್ತಾ ದುಬಾರಿಯಾಗುತ್ತಿವೆ ಎಂದು ಹಟ ಹಿಡಿದು ಬ್ರಿಟನ್ನಿನ ಪೆಟ್ಟರ್ ರೂಪಿಸಿದ ಪುಟ್ಟ ವಿಮಾನ ನ್ಯಾಟ್. 1965 ಮತ್ತು 1971ರಲ್ಲಿ ಅದು ಮಾಡಿದ ಕೆಲಸ ಗೊತ್ತೇ ಇದೆ. ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಶ್ರೀನಗರದ ಮೇಲೆ ಹಾರಿಸಿದ್ದು ಇದನ್ನೇ. ಆಮೇಲೆ ಎಚ್‌ಎಎಲ್ ಅದನ್ನು ಸುಧಾರಿಸಿ 'ಅಜೀತ್' ಮಾಡಿತು. ರೆಕ್ಕೆಯೊಳಗೇ ಇಂಧನ ತುಂಬಿಸಿ, ಹೊರಗಿನ ಕೊಕ್ಕೆಗಳನ್ನು ಆಯುಧಕ್ಕೆ ಬಿಟ್ಟುಕೊಟ್ಟಿತು. ಆದರೆ ಅಷ್ಟು ಚಿಕ್ಕ ಮೈಯಲ್ಲಿ ಇನ್ನೆಷ್ಟು ತುಂಬಲು ಸಾಧ್ಯ? 1991ಕ್ಕೆ ಅದರ ಕತೆ ಮುಗಿಯಿತು.

ಮಿಗ್-21 ಕತೆಯೂ ಹಾಗೇ, ಸ್ವಲ್ಪ ಉದ್ದ ಅಷ್ಟೆ. 1996ರಲ್ಲಿ 125 ವಿಮಾನಗಳನ್ನು 'ಬೈಸನ್' ಮಾಡುವ ಒಪ್ಪಂದವಾಯಿತು. ಹೊಸ ರೇಡಾರ್, ಆರ್-73, ಆರ್-77 ಕ್ಷಿಪಣಿಗಳು ಬಂದವು. ಓಝರ್‌ನಲ್ಲೇ ಈ ಕೆಲಸ ನಡೆಯಿತು. ಹಳೇ ಮನೆಗೆ ಹೊಸ ಟಿವಿ ತಂದ ಹಾಗೆ! ಗೋಡೆ ಬದಲಾಗಲಿಲ್ಲ. ಗಾಳಿ ಒಳಹೋಗುವುದು ಮೂಗಿನಿಂದಲೇ ಆದ್ದರಿಂದ ಅದರ ನಡುವಿನ ಶಂಕುವಿನಲ್ಲಿ ಹಿಡಿಸುವಷ್ಟೇ ರೇಡಾರ್. ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗ. ನಿಧಾನದ ತರಬೇತಿ ವಿಮಾನಗಳಿಂದ ಹುಡುಗರು ನೇರ ಇದಕ್ಕೆ ಬರುತ್ತಿದ್ದರು. ನಡುವಿನ ಮೆಟ್ಟಿಲಾದ ಹಾಕ್ ಬಂದದ್ದು 2008ರಲ್ಲಿ. ಅಗ್ಗದ ವಿಮಾನದ ಉಳಿದ ಬೆಲೆಯನ್ನು ತೆತ್ತವರು ಆ ಹುಡುಗರ ಮನೆಯವರು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಗೆ ವಿದಾಯ. ಸರಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 17ರಂದು, ಓಝರ್‌ನಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ಇದರ ವಿನ್ಯಾಸ, ಸಾಫ್ಟ್‌ವೇರ್ ನಮ್ಮದೇ. ಹಾಗಾಗಿ ಹೊಸ ಆಯುಧ ಜೋಡಿಸಲು ಮೂಲ ತಯಾರಕರ ಬಾಗಿಲು ಕಾಯಬೇಕಿಲ್ಲ. ಎಂಜಿನ್ ಮಾತ್ರ ಅಮೆರಿಕದ್ದು. ಅದು ತಡವಾದರೆ ಕಟ್ಟಿದ ವಿಮಾನವೂ ನೆಲದಲ್ಲೇ. ಹೆಚ್ಚು ಬಲದ ಎಂಜಿನ್ ಬೇಕೆಂದಾಗ ಮಾರ್ಕ್-2 ಎಂಬ ದೊಡ್ಡ ವಿಮಾನವನ್ನೇ ರೂಪಿಸಬೇಕಾಯಿತು.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಫೈಟರ್ ಕೊಳ್ಳುವಾಗ ಇವತ್ತಿನ ಬೆಲೆಯ ಜೊತೆ, ಇಪ್ಪತ್ತು ವರ್ಷದ ನಂತರ ಅದರೊಳಗೆ ಎಷ್ಟು ಜಾಗ ಉಳಿದಿರುತ್ತದೆ, ನಿವೃತ್ತಿಯ ದಿನ ಯಾವಾಗ ಎಂಬುದನ್ನೂ ಬರೆದಿಡಬೇಕು. ನೀವೇನಂತೀರಿ?