ಕಾರ್ಖಾನೆಯ ಊರಿನಲ್ಲಿ ಆಸ್ಪತ್ರೆಯ ಅಪಾಯ

ಚೆನ್ನೈನ ವಾಯವ್ಯಕ್ಕಿರುವ ಅಂಬತ್ತೂರಿಗೆ ಕೆಲಸದ ಸುರಕ್ಷತೆಯ ಕಾನೂನು ಬಂದದ್ದು ಯಂತ್ರಗಳ ಜೊತೆಯಲ್ಲಿ. 1949ರಲ್ಲಿ ಟಿಐ ಸೈಕಲ್ಸ್, ಹತ್ತು ವರ್ಷಗಳ ನಂತರ ಡನ್‌ಲಪ್ ಟೈರು ಕಾರ್ಖಾನೆ, 1964ರಲ್ಲಿ ಸರ್ಕಾರವೇ ಕಟ್ಟಿದ ಕೈಗಾರಿಕಾ ವಸಾಹತು. ಲೇತು, ಪ್ರೆಸ್ಸುಗಳ ನಡುವೆ ಬೆರಳು ಕಳೆದುಕೊಂಡವರಿಗೆ ಕಾರ್ಮಿಕರ ವಿಮೆಯ ಇಎಸ್ಐ ದವಾಖಾನೆಯೂ ಬಂತು. ಆ ಗಾಯಕ್ಕೆ ಹೊಲಿಗೆ ಹಾಕುವ ದಾದಿಗೂ, ರಕ್ತದ ಬಟ್ಟೆ ಎತ್ತುವ ಆಯಾಗೂ ತಮ್ಮ ಕೆಲಸದಿಂದಲೇ ಬರುವ ಅಪಾಯಗಳಿದ್ದವು. ಕಾನೂನು ಅವುಗಳನ್ನು ಗುರುತಿಸಲು ಬಹಳ ಕಾಲ ಹಿಡಿಯಿತು.

1948ರ ಕಾರ್ಖಾನೆ ಕಾಯ್ದೆ ತಿರುಗುವ ಯಂತ್ರಕ್ಕೆ ಬೇಲಿ ಹಾಕಿಸಿತು. ಸೀಸದ ನಂಜು, ಸಿಲಿಕೋಸಿಸ್‌ನಂಥ ರೋಗಗಳು ಕಂಡರೆ ವರದಿ ಮಾಡುವಂತೆ ವಿಧಿಸಿತು. ಆಸ್ಪತ್ರೆಯಲ್ಲಿ ಯಾವ ವಸ್ತುವೂ ತಯಾರಾಗದ ಕಾರಣ ವಾರ್ಡು ಈ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. ಇಲ್ಲೊಂದು ವಿಚಿತ್ರವಿದೆ. ‘ತಯಾರಿಕಾ ಪ್ರಕ್ರಿಯೆ’ ಎಂಬುದರ ವ್ಯಾಖ್ಯೆಯಲ್ಲಿ ವಸ್ತುಗಳನ್ನು ತೊಳೆಯುವುದೂ ಶುಚಿ ಮಾಡುವುದೂ ಸೇರಿದ್ದವು. ಕ್ಷಯರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಕೂರುವುದು ಸೇರಿರಲಿಲ್ಲ. ಕೆಲಸಗಾರರ ಪರಿಹಾರದ ಕಾನೂನುಗಳ ರೋಗಪಟ್ಟಿಯಲ್ಲಿ ಆರೋಗ್ಯ ಸೇವೆ ಮತ್ತು ಪ್ರಯೋಗಾಲಯದ ಕೆಲಸದಿಂದ ತಗಲುವ ಸೋಂಕುಗಳಿಗೆ ಜಾಗ ಸಿಕ್ಕಿತು, ನಿಜ. ಆದರೆ ತುಂಡಾದ ಬೆರಳಿಗೆ ಸಾಕ್ಷಿ ಹುಡುಕಬೇಕಿಲ್ಲ. ದಾದಿಯ ಶ್ವಾಸಕೋಶಕ್ಕೆ ರೋಗ ಕ್ಷಯ ವಾರ್ಡಿನಿಂದ ಬಂತೋ ಬಸ್ಸಿನಿಂದ ಬಂತೋ ಎಂದು ತೋರಿಸುವುದು ಸುಲಭವಲ್ಲ. ಸೇವೆ ಎಂಬ ಗೌರವವೂ ಈ ಅಪಾಯವನ್ನು ಮುಚ್ಚಿತು. ರೋಗಿಗಳ ನಡುವೆ ಇರುವವರಿಗೆ ರೋಗ ಬರುವುದು ಸಹಜವೆಂದೇ ಎಲ್ಲರೂ ತಿಳಿದಿದ್ದರು, ಆಸ್ಪತ್ರೆಯವರೂ ಸಹ.

ಮದ್ರಾಸಿನಲ್ಲಿ ಕ್ಷಯದ ಅನುಭವ ಹಳೆಯದು. ಡಾ. ಚೌರಿ ಮುತ್ತು 1928ರಲ್ಲಿ ತಾಂಬರಂನಲ್ಲಿ ಸ್ಯಾನಟೋರಿಯಂ ತೆರೆದಾಗ ಗಾಳಿ, ಬೆಳಕು, ವಿಶ್ರಾಂತಿಗಳೇ ಚಿಕಿತ್ಸೆ. 1956ರಲ್ಲಿ ಚೇತ್‌ಪಟ್‌ನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಮನೆಯಲ್ಲೇ ಔಷಧ ಪಡೆದ ರೋಗಿಗಳೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ, ಅವರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲ ಎಂದು ತೋರಿಸಿತು. ಸೋಂಕು ಹೆಚ್ಚಾಗಿ ಹರಡುವುದು ಔಷಧ ಶುರುವಾಗುವ ಮೊದಲು. ಹಾಗಾಗಿ ಪತ್ತೆಯಾಗದ ರೋಗಿ ಕೆಮ್ಮುತ್ತ ಕೂರುವ ಹೊರರೋಗಿ ವಿಭಾಗವೇ ಸಿಬ್ಬಂದಿಗೆ ಹೆಚ್ಚು ಅಪಾಯದ ಜಾಗ.

ಆಸ್ಪತ್ರೆಗಳನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ರಕ್ತ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸೊಲೊಮನ್ ತಮ್ಮ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಅವರಿಗೆ ಎಚ್‌ಐವಿ ಹುಡುಕುವ ಕೆಲಸ ಒಪ್ಪಿಸಿದರು. ನಿರ್ಮಲಾ ಗ್ಲೌಸ್ ಇಲ್ಲದೆಯೇ ರಕ್ತ ತೆಗೆದರು; ಮಾದರಿಗಳನ್ನು ಇಡಲು ಬೇರೆ ವ್ಯವಸ್ಥೆಯಿಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟರು. ವೆಲ್ಲೂರಿನಲ್ಲಿ ಪರೀಕ್ಷೆ ನಡೆಸಿದಾಗ ಆರು ಮಾದರಿಗಳ ಬಣ್ಣ ತಿರುಗಿತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ಹೀಗೆ, ಆ ಕಾಲದ ಪ್ರಯೋಗಾಲಯದ ಕೆಲಸ ಎಂಥ ಸ್ಥಿತಿಯಲ್ಲಿ ನಡೆಯುತ್ತಿತ್ತೆಂದು ತಿಳಿಯುವುದೂ ಇದರಿಂದಲೇ.

ಎಚ್‌ಐವಿಯ ಭಯ ಹೆಚ್ಚು. ಸೂಜಿ ಚುಚ್ಚಿದಾಗಿನ ಅಪಾಯ ಮಾತ್ರ ಹೆಪಟೈಟಿಸ್ ಬಿಯದೇ ದೊಡ್ಡದು. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಶೇ. 0.3ರಷ್ಟು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30ರವರೆಗೆ. ಬಳಸಿದ ಸೂಜಿಗೆ ಎರಡೂ ಕೈಗಳಿಂದ ಮುಚ್ಚಳ ಹಾಕುವ ಹಳೆಯ ಅಭ್ಯಾಸವೇ ಅನೇಕ ಚುಚ್ಚುಗಾಯಗಳ ಮೂಲ: ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಪುಟ್ಟ ಮುಚ್ಚಳ, ಗುರಿ ಕೂದಲೆಳೆಯಷ್ಟು ತಪ್ಪಿದರೆ ಹೆಬ್ಬೆರಳಿಗೆ ನಾಟುತ್ತದೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಹೆಪಟೈಟಿಸ್ ಬಿ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಸವನ್ನು ಬೇರ್ಪಡಿಸಲು ಹೇಳಿದರೆ, 2016ರ ನಿಯಮಗಳು ಅದನ್ನು ಮುಟ್ಟುವ ಕೈಗಳತ್ತಲೂ ನೋಡಿದವು. ತ್ಯಾಜ್ಯ ನಿರ್ವಹಿಸುವ ಎಲ್ಲರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಕಡ್ಡಾಯವಾಯಿತು. ಸೂಜಿಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಕ್ಕೆ ಹೋಗಬೇಕು. ಆ ಡಬ್ಬ ಇಲ್ಲದ ಕಡೆ ಮೊದಲು ಗಾಯವಾಗುವುದು ಕಸ ಎತ್ತುವವರಿಗೆ.

ರೋಗದ ಜೊತೆಗೆ ಜನರ ಕೋಪವೂ ಆಸ್ಪತ್ರೆಯ ಕೆಲಸದ ಅಪಾಯವೆಂದು ಕಾನೂನು ಒಪ್ಪಿದ್ದು ಇನ್ನೂ ತಡವಾಗಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ತಮಿಳುನಾಡು 2008ರಲ್ಲಿ, ಕರ್ನಾಟಕ 2009ರಲ್ಲಿ ಕಾಯ್ದೆ ಮಾಡಿದವು. 2020ರ ಏಪ್ರಿಲ್‌ನಲ್ಲಿ ಅಂಬತ್ತೂರು ಈ ಚರಿತ್ರೆಯ ಕಹಿಯಾದ ಪುಟವೊಂದಕ್ಕೆ ಸೇರಿತು. ಕೋವಿಡ್‌ನಿಂದ ಚೆನ್ನೈನಲ್ಲಿ ತೀರಿಕೊಂಡ ನೆಲ್ಲೂರಿನ ವೈದ್ಯರೊಬ್ಬರ ದೇಹವನ್ನು ಇಲ್ಲಿನ ಚಿತಾಗಾರಕ್ಕೆ ತಂದಾಗ ಸ್ಥಳೀಯರು ತಡೆದರು. ಅಂತ್ಯಕ್ರಿಯೆ ಬೇರೆಡೆ ನಡೆಯಬೇಕಾಯಿತು. ಕೆಲವೇ ದಿನಗಳಲ್ಲಿ ನಗರದ ಇನ್ನೊಬ್ಬ ವೈದ್ಯರ ಶವ ಹೊತ್ತ ಆಂಬುಲೆನ್ಸ್ ಮೇಲೆ ಕಲ್ಲು ಬಿತ್ತು. ಅದೇ ದಿನಗಳಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲೂ ಆರೋಗ್ಯ ಸಿಬ್ಬಂದಿಯ ಮೇಲೆ ಜನ ತಿರುಗಿಬಿದ್ದಿದ್ದರು. ಏಪ್ರಿಲ್ 22ರಂದು ಕೇಂದ್ರವು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಸುಗ್ರೀವಾಜ್ಞೆಯಿಂದ ತಿದ್ದಿ, ಹಲ್ಲೆಕೋರರಿಗೆ ಮೂರು ತಿಂಗಳಿಂದ ಐದು ವರ್ಷ, ಗಂಭೀರ ಗಾಯವಾದರೆ ಏಳು ವರ್ಷದವರೆಗೆ ಸೆರೆ ಗೊತ್ತುಮಾಡಿತು. ಅಂತ್ಯಕ್ರಿಯೆಗೆ ಅಡ್ಡಿಪಡಿಸುವುದನ್ನು ತಮಿಳುನಾಡು ಅದೇ ತಿಂಗಳು ಪ್ರತ್ಯೇಕ ಅಪರಾಧವಾಗಿಸಿತು.

ಅಂಬತ್ತೂರಿಗೆ ಹೊಂದಿಕೊಂಡ ಅಯಪ್ಪಾಕ್ಕಂನಲ್ಲಿ, 1999ರಲ್ಲಿ ರೂಪುಗೊಂಡ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಿದೆ. ದೇಶದ ಕೋವಿಡ್ ರಕ್ತ ಸಮೀಕ್ಷೆಗಳಲ್ಲಿ ಅದರದು ಮುಂಚೂಣಿಯ ಪಾತ್ರ. 2020ರ ಡಿಸೆಂಬರ್ ಮತ್ತು 2021ರ ಜನವರಿಯಲ್ಲಿ ನಡೆದ ಮೂರನೆಯ ಸುತ್ತಿನಲ್ಲಿ 7,000ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯನ್ನೂ ಪರೀಕ್ಷಿಸಲಾಯಿತು. ಅವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಸೋಂಕು ಆಗಲೇ ತಗಲಿತ್ತು. ವೈದ್ಯರು, ದಾದಿಯರಿಗೂ ಕಚೇರಿಯ ಮೇಜಿನ ಹಿಂದಿದ್ದ ಸಿಬ್ಬಂದಿಗೂ ಹೆಚ್ಚು ಅಂತರ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಮಾಸ್ಕು ಯಾರಿಗೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಕಾರ್ಖಾನೆ ಕಾಯ್ದೆಯೂ ಸೇರಿ 13 ಕಾನೂನುಗಳ ಜಾಗಕ್ಕೆ ಬಂದಿದೆ. ಸಾಮಾನ್ಯವಾಗಿ ಅದು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಬ್ಬ ವೈದ್ಯರು, ಇಬ್ಬರು ನರ್ಸುಗಳು, ಒಬ್ಬ ಆಯಾ ಇರುವ ಬೀದಿಬದಿಯ ಕ್ಲಿನಿಕ್ಕುಗಳು ಈ ಲೆಕ್ಕದ ಹೊರಗಿವೆ. ತ್ಯಾಜ್ಯದ ನಿಯಮಗಳು ಮಾತ್ರ ಅವಕ್ಕೂ ಅನ್ವಯಿಸುತ್ತವೆ.