ಪರಿಧಮನಿ ಕಾಯಿಲೆಯ ಮುನ್ಸೂಚನೆಯಲ್ಲಿ ಸ್ಟ್ರೆಸ್ ಎಕೋ: ‘ಪಾಸಿಟಿವ್–ನೆಗೆಟಿವ್’ ವರದಿಯ ಆಚೆಗೆ

ಸಾರಾಂಶ

ಹೃದಯದ ರಕ್ತನಾಳಗಳಲ್ಲಿ ತಡೆ ಇದೆಯೇ ಎಂದು ತಿಳಿಯಲು ಬಳಕೆಗೆ ಬಂದ ಸ್ಟ್ರೆಸ್ ಎಕೋ ಪರೀಕ್ಷೆಯಿಂದ ರೋಗಿಯ ಮುಂದಿನ ಕೆಲವು ವರ್ಷಗಳ ಅಪಾಯವನ್ನೂ ಅಂದಾಜು ಮಾಡಬಹುದು. ಆದರೆ ವರದಿಗಳು ಹಲವು ಬಾರಿ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಒಂದೇ ಮಾತಿಗೆ ನಿಂತುಬಿಡುತ್ತವೆ. ಪ್ರಕಟಿತ ಅಧ್ಯಯನಗಳನ್ನು ಆಧರಿಸಿ ಈ ಲೇಖನ ಎರಡು ಮಾತುಗಳನ್ನು ಪ್ರತಿಪಾದಿಸುತ್ತದೆ. ಪರೀಕ್ಷೆಯ ಮುನ್ಸೂಚನಾ ಬಲವಿರುವುದು ಹೃದಯದ ಗೋಡೆಯ ಚಲನೆಯಲ್ಲಿನ ದೋಷದ ಪ್ರಮಾಣದಲ್ಲಿ ಮತ್ತು ಅದು ಕಾಣಿಸಿಕೊಂಡ ಸಂದರ್ಭದಲ್ಲಿ. ಹೀಗೆ ಅಳೆದ ಅಪಾಯ ತಾನಾಗಿಯೇ ಸ್ಟೆಂಟ್ ಅಥವಾ ಬೈಪಾಸ್‌ಗೆ ಆದೇಶವಾಗುವುದಿಲ್ಲ.

ಕೀಲಿಪದಗಳು: ಸ್ಟ್ರೆಸ್ ಎಕೋ, ಪರಿಧಮನಿ ಕಾಯಿಲೆ, ಗೋಡೆ ಚಲನೆಯ ಸೂಚ್ಯಂಕ, ಡೊಬುಟಮಿನ್, ಮುನ್ಸೂಚನೆ

1. ಶಾರೀರಿಕ ತಳಹದಿ

ಪರಿಧಮನಿಯನ್ನು ಕಟ್ಟಿದರೆ ಅದು ರಕ್ತ ಒದಗಿಸುವ ಸ್ನಾಯುಭಾಗ ಬಲುಬೇಗ ಸಂಕುಚನ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದನ್ನು ಟೆನೆಂಟ್ ಮತ್ತು ವಿಗ್ಗರ್ಸ್ 1935ರಲ್ಲೇ ನಾಯಿಗಳ ಹೃದಯದಲ್ಲಿ ತೋರಿಸಿದ್ದರು. ನಾಳ ಪೂರ್ತಿ ಮುಚ್ಚದೆ ಕಿರಿದಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ 1974ರಲ್ಲಿ ಲ್ಯಾನ್ಸ್ ಗೌಲ್ಡ್ ಅವರ ತಂಡದ ಪ್ರಯೋಗಗಳು ಉತ್ತರ ಕೊಟ್ಟವು. ನಾಳದ ವ್ಯಾಸ ಸುಮಾರು ಶೇ. 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯಲ್ಲಿ ರಕ್ತದ ಹರಿವು ಕುಗ್ಗುವುದಿಲ್ಲ. ಆದರೆ ಬೇಡಿಕೆ ಏರಿದಾಗ ಹರಿವನ್ನು ಹೆಚ್ಚಿಸುವ ಸಾಮರ್ಥ್ಯ ಅರ್ಧದಷ್ಟು ಕಿರಿದಾಗುವ ಹೊತ್ತಿಗಾಗಲೇ ಇಳಿಯತೊಡಗಿರುತ್ತದೆ. ಕುಳಿತಲ್ಲಿ ಆರಾಮವಾಗಿರುವ ರೋಗಿಯ ಎಕೋ ಸಹಜವಾಗಿದ್ದು, ಶ್ರಮದಲ್ಲಿ ಮಾತ್ರ ಕೊರತೆ ಬಯಲಾಗುವುದು ಇದೇ ಕಾರಣಕ್ಕೆ.

ಶ್ರಮದಲ್ಲಿ ಈ ಬದಲಾವಣೆಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬರುತ್ತವೆ. ಮೊದಲು ರಕ್ತದ ಹಂಚಿಕೆ ಏರುಪೇರಾಗುತ್ತದೆ. ಬಳಿಕ ಸ್ನಾಯುವಿನ ಸಡಿಲಿಕೆ, ಆಮೇಲೆ ಸಂಕುಚನ ಕುಂದುತ್ತದೆ. ಇಸಿಜಿಯಲ್ಲಿ ವ್ಯತ್ಯಾಸ ಕಾಣುವುದು ಮತ್ತು ಎದೆನೋವು ಬರುವುದು ಅದಾದ ಮೇಲೆ. 1987ರಲ್ಲಿ ನೆಸ್ಟೊ ಮತ್ತು ಕೊವಾಲ್ಚುಕ್ ವಿವರಿಸಿದ ಈ ಸರಣಿಯ ಪ್ರಕಾರ, ಗೋಡೆಯ ಚಲನೆಯನ್ನು ಗಮನಿಸುವವರಿಗೆ ನೋವಿಗಿಂತ ಮುಂಚೆಯೇ ಸುಳಿವು ಸಿಗುತ್ತದೆ.

2. ಪರೀಕ್ಷೆಯ ವಿಧಾನ

ಇಂಡಿಯಾನಾದಲ್ಲಿ ಫೈಗನ್‌ಬಾಮ್ ಅವರ ತಂಡ ವ್ಯಾಯಾಮದೊಂದಿಗೆ ಎರಡು ಆಯಾಮದ ಎಕೋವನ್ನು ಬಳಸಿ 1979ರಲ್ಲಿ ವರದಿ ಪ್ರಕಟಿಸಿತು. 1980ರ ದಶಕದಲ್ಲಿ ಔಷಧ ಬಳಸುವ ವಿಧಾನಗಳು ಸೇರಿಕೊಂಡವು: ಪೀಸಾದಲ್ಲಿ ಪಿಕಾನೊ ಡೈಪಿರಿಡಮೋಲ್ ಬಳಸಿದರೆ, ಇತರರು ಡೊಬುಟಮಿನ್ ಬಳಸಿದರು.

ಟ್ರೆಡ್‌ಮಿಲ್ ಮೇಲೆ ಓಡಿದ ರೋಗಿ ಕೆಳಗಿಳಿದು ಎಡಮಗ್ಗುಲಿಗೆ ಮಲಗುತ್ತಲೇ ಪರೀಕ್ಷಕರು ಚಿತ್ರ ತೆಗೆಯಬೇಕು. ಒಂದು ನಿಮಿಷ ಅಥವಾ ಒಂದೂವರೆ ನಿಮಿಷದೊಳಗೆ ಎಲ್ಲ ನೋಟಗಳೂ ಸಿಗದಿದ್ದರೆ ಹೃದಯಬಡಿತ ಇಳಿದು, ಮೂಡಿದ್ದ ದೋಷ ಮಾಯವಾಗಬಹುದು. ಏದುಸಿರು ಬಿಡುವ ಎದೆಯ ಮೇಲೆ ಪ್ರೋಬನ್ನು ಸ್ಥಿರವಾಗಿ ಹಿಡಿಯುವ ಕೈಚಳಕ ಅಭ್ಯಾಸದಿಂದಲೇ ಬರಬೇಕು. ನಡೆಯಲಾಗದವರಿಗೆ ಡೊಬುಟಮಿನ್ ಅನ್ನು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 5 ಮೈಕ್ರೊಗ್ರಾಂನಿಂದ ಆರಂಭಿಸಿ, ಮೂರು ಮೂರು ನಿಮಿಷಕ್ಕೊಮ್ಮೆ ಹೆಚ್ಚಿಸುತ್ತ 40 ಮೈಕ್ರೊಗ್ರಾಂವರೆಗೆ ಕೊಡುತ್ತಾರೆ. ಬೇಕಾದರೆ ಅಟ್ರೋಪಿನ್ ಸೇರಿಸುತ್ತಾರೆ. 220ರಿಂದ ವಯಸ್ಸನ್ನು ಕಳೆದು ಬರುವ ಸಂಖ್ಯೆಯ ಶೇ. 85ರಷ್ಟು ಹೃದಯಬಡಿತ ಗುರಿ.

ಈ ಪರೀಕ್ಷೆಯಲ್ಲಿ ವಿಕಿರಣವಿಲ್ಲ. ಆದರೂ ಇದು ಪೂರ್ತಿ ನಿರಪಾಯಕಾರಿಯಲ್ಲ. 85,997 ಪರೀಕ್ಷೆಗಳ ಅಂತರರಾಷ್ಟ್ರೀಯ ದಾಖಲೆಯನ್ನು ವರ್ಗಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಜೀವಕ್ಕೆ ಅಪಾಯ ತರುವ ತೊಡಕು ವ್ಯಾಯಾಮದಲ್ಲಿ 6,574ಕ್ಕೆ ಒಂದು, ಡೈಪಿರಿಡಮೋಲ್‌ನಲ್ಲಿ 1,294ಕ್ಕೆ ಒಂದು, ಡೊಬುಟಮಿನ್‌ನಲ್ಲಿ 557ಕ್ಕೆ ಒಂದು ಕಂಡುಬಂದಿತ್ತು. ನಡೆಯಬಲ್ಲ ರೋಗಿಯನ್ನು ನಡೆಸಿಯೇ ಪರೀಕ್ಷಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

3. ಅಂಕದಲ್ಲಿ ಅಡಗಿರುವ ಮಾಹಿತಿ

ಎಡ ಹೃತ್ಕುಕ್ಷಿಯ ಗೋಡೆಯನ್ನು 16 ಅಥವಾ 17 ಭಾಗಗಳಾಗಿ ವಿಂಗಡಿಸಿ, ಸಹಜ ಚಲನೆಗೆ 1, ಕುಂದಿದ ಚಲನೆಗೆ 2, ಚಲನೆಯೇ ಇಲ್ಲದಿದ್ದರೆ 3, ಹೊರಗೆ ಉಬ್ಬಿದರೆ 4 ಎಂದು ಅಂಕ ಕೊಡಲಾಗುತ್ತದೆ. ಒಟ್ಟು ಅಂಕವನ್ನು ಭಾಗಗಳ ಸಂಖ್ಯೆಯಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ.

ವಿಶ್ರಾಂತಿಯಲ್ಲಿ ಸೂಚ್ಯಂಕ 1.0 ಇರುವ ಮೂವರನ್ನು ಊಹಿಸಿಕೊಳ್ಳೋಣ. ಶ್ರಮದ ತುದಿಯಲ್ಲಿ ಮೊದಲನೆಯವರಿಗೆ ಒಂದು ಭಾಗದ ಚಲನೆ ಮಾತ್ರ ಕುಂದಿತು: 16 ಭಾಗಗಳ ಲೆಕ್ಕದಲ್ಲಿ ಒಟ್ಟು ಅಂಕ 17ನ್ನು 16ರಿಂದ ಭಾಗಿಸಿದರೆ 1.06. ಎರಡನೆಯವರಿಗೆ ನಾಲ್ಕು ಭಾಗಗಳು ನಿಶ್ಚಲವಾದವು: ಒಟ್ಟು ಅಂಕ 24, ಸೂಚ್ಯಂಕ 1.5. ಮೂರನೆಯವರಿಗೆ ನಾಲ್ಕು ಭಾಗಗಳು ನಿಶ್ಚಲವಾಗಿ, ಇನ್ನು ನಾಲ್ಕರ ಚಲನೆ ಕುಂದಿತು: ಒಟ್ಟು 28, ಸೂಚ್ಯಂಕ 1.75. ಮೂವರ ವರದಿಯೂ ‘ಪಾಸಿಟಿವ್’. ಆದರೆ ಮೂವರ ಮುಂದಿನ ದಿನಗಳು ಒಂದೇ ತೆರನಾಗಿರುತ್ತವೆ ಎಂದು ನಂಬಲು ಆಧಾರವಿಲ್ಲ.

ಯಾವೊ ಮತ್ತು ಸಂಗಡಿಗರು 1,500 ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂತರವನ್ನು ಅಳೆದು ತೋರಿಸಿತು. ಶ್ರಮದಲ್ಲಿನ ಸೂಚ್ಯಂಕ 1.0 ಇದ್ದವರಲ್ಲಿ ಹೃದಯಾಘಾತ ಅಥವಾ ಹೃದಯಸಂಬಂಧಿ ಸಾವಿನ ಪ್ರಮಾಣ ವರ್ಷಕ್ಕೆ ಶೇ. 0.9. ಸೂಚ್ಯಂಕ 1.1ರಿಂದ 1.7ರ ನಡುವೆ ಇದ್ದವರಲ್ಲಿ ಅದು ಶೇ. 3.1, 1.7ನ್ನು ಮೀರಿದವರಲ್ಲಿ ಶೇ. 5.2. ಅದೇ ವರ್ಷ ಸಿಕಾರಿ ಮತ್ತು ಸಂಗಡಿಗರು 7,333 ರೋಗಿಗಳ ಬಹುಕೇಂದ್ರ ಅಧ್ಯಯನದಲ್ಲಿ ಔಷಧ ಬಳಸಿ ಮಾಡಿದ ಸ್ಟ್ರೆಸ್ ಎಕೋ ಸಾವಿನ ಅಪಾಯವನ್ನು ಗುರುತಿಸಬಲ್ಲದೆಂದು ತೋರಿಸಿದರು.

4. ‘ನೆಗೆಟಿವ್’ ವರದಿಗೂ ಷರತ್ತುಗಳಿವೆ

ಸಹಜ ಫಲಿತಾಂಶ ಕೊಡುವ ಭರವಸೆ ದೊಡ್ಡದು. ಮೆಟ್ಜ್ ಮತ್ತು ಸಂಗಡಿಗರ 2007ರ ಮೆಟಾ ವಿಶ್ಲೇಷಣೆಯ ಪ್ರಕಾರ, ವ್ಯಾಯಾಮದ ಎಕೋ ಸಹಜವಾಗಿದ್ದವರಲ್ಲಿ ಹೃದಯಾಘಾತ ಅಥವಾ ಹೃದಯಸಂಬಂಧಿ ಸಾವಿನ ಪ್ರಮಾಣ ವರ್ಷಕ್ಕೆ ಶೇ. 0.54. ಮ್ಯಾಕಲಿ ಮತ್ತು ಸಂಗಡಿಗರು ಇಂಥ 1,325 ರೋಗಿಗಳನ್ನು ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳ ಕೊನೆಗೆ ಶೇ. 97.4ರಷ್ಟು ಮಂದಿ ಯಾವುದೇ ಹೃದಯಸಂಬಂಧಿ ಘಟನೆಯಿಲ್ಲದೆ ಇದ್ದರು. ತೊಂದರೆಗೆ ಸಿಕ್ಕಿದವರಲ್ಲಿ ಕಂಡ ಲಕ್ಷಣಗಳೂ ಗಮನಾರ್ಹ: ಟ್ರೆಡ್‌ಮಿಲ್ ಮೇಲೆ ಬಂದ ಎದೆನೋವು, ಕಡಿಮೆ ಶ್ರಮವಷ್ಟೇ ಸಾಧ್ಯವಾದದ್ದು, ದಪ್ಪಗಾದ ಹೃತ್ಕುಕ್ಷಿ ಗೋಡೆ, ಹೆಚ್ಚಿದ ವಯಸ್ಸು. ಅಂದರೆ ಚಿತ್ರ ಸಹಜವಾಗಿದ್ದರೂ ರೋಗಿ ಎಷ್ಟು ಶ್ರಮ ತಾಳಿದರು ಎಂಬುದು ಮುನ್ಸೂಚನೆಯನ್ನು ಬದಲಿಸುತ್ತದೆ.

ಔಷಧಗಳ ಪ್ರಶ್ನೆಯೂ ಇದೆ. ಬೀಟಾ ಬ್ಲಾಕರ್‌ನಂಥ ಮಾತ್ರೆ ನುಂಗುತ್ತಿರುವಾಗ ಸಿಗುವ ‘ನೆಗೆಟಿವ್’, ಮಾತ್ರೆ ನಿಲ್ಲಿಸಿ ಮಾಡಿದ ‘ನೆಗೆಟಿವ್’ನಷ್ಟು ಭರವಸೆ ಕೊಡುವುದಿಲ್ಲ. ಮಾತ್ರೆಯ ರಕ್ಷಣೆ ಇದ್ದೂ ಚಲನೆ ಕೆಟ್ಟರೆ ಅದು ಹೆಚ್ಚಿನ ಅಪಾಯದ ಗುರುತು. ಸಕ್ಕರೆ ಕಾಯಿಲೆ ಇರುವವರಲ್ಲಿ ಸಹಜ ಫಲಿತಾಂಶದ ಭರವಸೆ ಕಡಿಮೆ. ಇಂಟರ್‌ಹಾರ್ಟ್ ಅಧ್ಯಯನದ ದತ್ತಾಂಶದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ವರ್ಷ, ಉಳಿದ ದೇಶಗಳವರಲ್ಲಿ 58.8. ಚಿಕ್ಕ ವಯಸ್ಸಿಗೇ ಹೃದಯಾಘಾತವಾಗುವ, ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಕಾಣುವ ನಮ್ಮ ನಾಡಿನಲ್ಲಿ, ಒಮ್ಮೆ ಬಂದ ‘ನೆಗೆಟಿವ್’ ವರದಿಯನ್ನು ಬಹುಕಾಲದ ಅಭಯಪತ್ರವೆಂದು ಭಾವಿಸುವುದು ಸರಿಯಲ್ಲ.

5. ಅಪಾಯದ ಅಂದಾಜು ಮತ್ತು ಚಿಕಿತ್ಸೆಯ ತೀರ್ಮಾನ

ಹೆಚ್ಚು ರಕ್ತಕೊರತೆ ಕಂಡರೆ ಸ್ಟೆಂಟ್ ಹಾಕಿ ಅಪಾಯ ತಗ್ಗಿಸಬಹುದು ಎಂಬ ತರ್ಕ ಬಹುಕಾಲ ನಡೆಯಿತು. ಮಧ್ಯಮ ಅಥವಾ ತೀವ್ರ ರಕ್ತಕೊರತೆಯಿದ್ದ 5,179 ರೋಗಿಗಳನ್ನು ಒಳಗೊಂಡ ‘ಇಸ್ಕೀಮಿಯಾ’ ಪ್ರಯೋಗ ಅದನ್ನು ಒರೆಗೆ ಹಚ್ಚಿತು. ಶ್ರಮದಲ್ಲಿ 16ರಲ್ಲಿ ಕನಿಷ್ಠ ಮೂರು ಭಾಗಗಳ ಚಲನೆ ತೀವ್ರವಾಗಿ ಕುಂದುವುದು ಅಥವಾ ನಿಲ್ಲುವುದು ಇಲ್ಲಿ ಎಕೋದ ಮಾನದಂಡವಾಗಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲೇ ಆಂಜಿಯೋಗ್ರಾಂ ಮತ್ತು ಸ್ಟೆಂಟ್ ಅಥವಾ ಬೈಪಾಸ್‌ನತ್ತ ಸಾಗಿದವರಿಗೂ ಮೊದಲು ಔಷಧ ಚಿಕಿತ್ಸೆಯಲ್ಲೇ ಉಳಿದವರಿಗೂ ಪ್ರಧಾನ ಘಟನೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರೆನಾಲ್ಡ್ಸ್ ಮತ್ತು ಸಂಗಡಿಗರ 2021ರ ವಿಶ್ಲೇಷಣೆಯಲ್ಲಿ ಸಾವಿನ ಅಪಾಯದ ಜೊತೆ ಹೊಂದಿಕೊಂಡದ್ದು ರಕ್ತಕೊರತೆಯ ತೀವ್ರತೆಗಿಂತ ನಾಳಗಳಲ್ಲಿ ಕಾಯಿಲೆ ಹರಡಿರುವ ಪ್ರಮಾಣ. ಎಡ ಮುಖ್ಯ ಪರಿಧಮನಿಯ ಗಣನೀಯ ತಡೆ ಇದ್ದವರು ಮತ್ತು ಹೃದಯದ ಪಂಪಿಂಗ್ ಶಕ್ತಿ ಬಹಳ ಕುಂದಿದವರು ಪ್ರಯೋಗದ ಹೊರಗಿದ್ದರು. ಅವರಿಗೆ ಈ ತೀರ್ಮಾನ ಅನ್ವಯಿಸದು.

ಹಾಗೆಂದು ಪರೀಕ್ಷೆಯ ಬೆಲೆ ಇಳಿಯಲಿಲ್ಲ. ಸ್ಟೆಂಟನ್ನು ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿದ ಆರ್ಬಿಟಾ ಪ್ರಯೋಗದ 2019ರ ಉಪವಿಶ್ಲೇಷಣೆಯಲ್ಲಿ, ಡೊಬುಟಮಿನ್ ಎಕೋದಲ್ಲಿ ರಕ್ತಕೊರತೆ ಹೆಚ್ಚಾಗಿದ್ದಷ್ಟೂ ಸ್ಟೆಂಟ್‌ನಿಂದ ಎದೆನೋವು ಮರುಕಳಿಸುವುದು ಹೆಚ್ಚು ಕಡಿಮೆಯಾದದ್ದು ಕಂಡಿತು. ಆಯುಷ್ಯ ಹೆಚ್ಚುವುದು ಬೇರೆ, ನೋವು ನೀಗುವುದು ಬೇರೆ. ಸ್ಟೆಂಟಿಗೆ ಒಪ್ಪಿಗೆ ಕೇಳುವಾಗ ಈ ಎರಡನ್ನೂ ಬಿಡಿಸಿ ಹೇಳುವುದು ವೈದ್ಯರ ಹೊಣೆ.

6. ಓದುವ ಕಣ್ಣು ಮತ್ತು ಬರೆಯುವ ವರದಿ

ಇಷ್ಟೆಲ್ಲ ಮುನ್ಸೂಚನೆ ನಿಂತಿರುವುದು ಚಿತ್ರವನ್ನು ಓದುವವರ ಕಣ್ಣಿನ ಮೇಲೆ. 1996ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು ಒಂದೇ ಚಿತ್ರಗಳನ್ನು ಐದು ಅನುಭವಿ ಕೇಂದ್ರಗಳಿಂದ ಓದಿಸಿದಾಗ ಒಮ್ಮತದ ಕಪ್ಪಾ ಮೌಲ್ಯ 0.37 ಮಾತ್ರ ಇತ್ತು. ಓದುಗರಿಗೆ ಸಮಾನ ಮಾನದಂಡ, ನಿರಂತರ ತರಬೇತಿ ಮತ್ತು ಅಸ್ಪಷ್ಟ ಚಿತ್ರಗಳಿಗೆ ಕಾಂಟ್ರಾಸ್ಟ್ ದ್ರವದ ಬಳಕೆ ಆದ್ದರಿಂದಲೇ ಅನಿವಾರ್ಯ. ಗೋಡೆಯ ಚಲನೆಯ ಜೊತೆಗೆ ಶ್ವಾಸಕೋಶದ ನೀರಿನ ಗುರುತು, ಸಂಕುಚನದ ಮೀಸಲು, ಪರಿಧಮನಿ ಹರಿವಿನ ಮೀಸಲು ಮತ್ತು ಹೃದಯಬಡಿತದ ಏರಿಕೆಯನ್ನೂ ಅಳೆಯುವ ಎಬಿಸಿಡಿಇ ಕ್ರಮ ಕಣ್ಣಳತೆಯ ಮೇಲಿನ ಅವಲಂಬನೆಯನ್ನು ತಗ್ಗಿಸುವ ಪ್ರಯತ್ನ.

ಹೊಸ ಯಂತ್ರ ಬರುವ ಮೊದಲೇ ಮಾಡಬಹುದಾದ ಸುಧಾರಣೆಯೂ ಇದೆ. ಪ್ರತಿ ವರದಿಯಲ್ಲಿ ತಲುಪಿದ ಹೃದಯಬಡಿತ, ಮಾಡಿದ ಶ್ರಮ, ಆ ದಿನ ತೆಗೆದುಕೊಂಡ ಔಷಧ, ದೋಷ ಕಾಣಿಸಿದ ಹಂತ, ಕೆಟ್ಟ ಭಾಗಗಳ ಹೆಸರು ಮತ್ತು ಸಂಖ್ಯೆ, ವಿಶ್ರಾಂತಿಯ ಹಾಗೂ ಶ್ರಮದ ಸೂಚ್ಯಂಕ ಇವಿಷ್ಟೂ ಇರಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ವರದಿಗೆ ನಾಲ್ಕು ಸಾಲು ಸೇರಿದರೆ ಸಾಕು. ಹಾಗೆ ಬರೆದ ವರದಿ ಕೈಯಲ್ಲಿದ್ದರೆ, ಯಾವ ರೋಗಿಗೆ ಔಷಧವನ್ನು ಬಿಗಿಗೊಳಿಸಬೇಕು, ಯಾರನ್ನು ಕೂಡಲೇ ಆಂಜಿಯೋಗ್ರಾಂಗೆ ಕಳಿಸಬೇಕು, ಯಾರನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸಬಹುದು ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಆಧಾರಸಹಿತವಾಗಿ ನಿರ್ಧರಿಸಬಲ್ಲರು.